ವಿಶ್ವವಿದ್ಯಾಲಯದ ಕಚೇರಿಯಲ್ಲಿ ಎನ್‌ವಿಡಿಎ: ಎಲ್ಲಿ ಓದುತ್ತದೆ, ಎಲ್ಲಿ ತೊದಲುತ್ತದೆ

ದೃಷ್ಟಿದೋಷವುಳ್ಳ ಸಿಬ್ಬಂದಿಗೆ ವಿಂಡೋಸ್ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಶುರು ಮಾಡಿದರು, ಅವರೂ ಅಂಧರೇ. ಖರೀದಿಯ ಕಡತ, ಟೆಂಡರ್ ಯಾವುದೂ ಬೇಕಿಲ್ಲ. ಹಾಗಾಗಿ ‘ಅನುದಾನ ಬಂದಿಲ್ಲ’ ಎಂಬ ಕಚೇರಿಯ ಮಾಮೂಲಿ ಉತ್ತರ ಇಲ್ಲಿ ನಡೆಯದು.

ಪೆನ್‌ಡ್ರೈವ್‌ನಿಂದಲೇ ಓಡುವ ಪೋರ್ಟಬಲ್ ಪ್ರತಿ ಇದೆ, ಆದರೆ ದಿನದ ಕೆಲಸಕ್ಕೆ ಅದು ಸಾಲದು. ಲಾಗಿನ್ ಪರದೆಯಲ್ಲೂ ಅಡ್ಮಿನ್ ಅನುಮತಿ ಕೇಳುವ ಪರದೆಯಲ್ಲೂ ಅದು ಮೌನ. ಕಂಪ್ಯೂಟರ್ ವಿಭಾಗದವರಿಂದ ಪಾಸ್‌ವರ್ಡ್ ಹಾಕಿಸಿ ಪೂರ್ಣವಾಗಿಯೇ ಇನ್‌ಸ್ಟಾಲ್ ಮಾಡಿಸಿ. ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒಟ್ಟಿಗೆ ಒತ್ತಿ, ಎನ್‌ವಿಡಿಎ ಜೊತೆಗೇ ಬರುವ ಈ-ಸ್ಪೀಕ್ ಎಂಬ ಓದುವ ದನಿಯಲ್ಲಿ ಕನ್ನಡ ಆರಿಸಿ. ದನಿ ಯಂತ್ರದ್ದೇ, ಇಂಪು ಹುಡುಕಬೇಡಿ. ವೇಗ ಹೆಚ್ಚಿಸಿದರೂ ಅಕ್ಷರ ಕಲಸಿಹೋಗದಿರುವುದು ಅದರ ಗುಣ. ದಪ್ಪ ಕಡತ ಓದುವವರಿಗೆ ಬೇಕಾದ್ದೂ ಅದೇ.

ಪರೀಕ್ಷಾಂಗ ವಿಭಾಗದ ಅಂಕಪಟ್ಟಿಗೆ ಎಕ್ಸೆಲ್‌ನಲ್ಲಿ ಇದು ಚೆನ್ನಾಗಿ ಒದಗುತ್ತದೆ. ಶೀರ್ಷಿಕೆ ಸಾಲಿನ ಮೊದಲ ಸೆಲ್‌ನಲ್ಲಿ ನಿಂತು ಇನ್ಸರ್ಟ್, ಶಿಫ್ಟ್, ಸಿ ಒತ್ತಿದರೆ, ಮುಂದೆ ಬರಿ ‘18’ ಎನ್ನದೆ ಆ ಕಾಲಂನ ಹೆಸರನ್ನೂ ಹೇಳುತ್ತದೆ. ಅಂದಕ್ಕೆಂದು ಸೆಲ್‌ಗಳನ್ನು ಮರ್ಜ್ ಮಾಡಿ ಎರಡಂತಸ್ತಿನ ಶೀರ್ಷಿಕೆ ಹಾಕಿದ್ದರೆ ಮಾತ್ರ ಯಾವ ಅಂಕ ಯಾವುದರದ್ದು ಎಂಬುದೇ ತಪ್ಪುತ್ತದೆ. ಅನ್‌ಮರ್ಜ್ ಮಾಡಿ, ಒಂದೇ ಸಾಲಿಗೆ ಇಳಿಸಿ.

ದೊಡ್ಡ ತಲೆನೋವು ಹಳೆಯ ನುಡಿ ಫಾಂಟಿನದು. ಆ ಕಡತದಲ್ಲಿ ಕಣ್ಣಿಗೆ ‘ಕ’ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷಿನ ‘ಪಿ’ ಮತ್ತು ಇನ್ನೊಂದು ಚಿಹ್ನೆ. ಎನ್‌ವಿಡಿಎ ಇದ್ದದ್ದನ್ನೇ ಓದುತ್ತದೆ, ಕೇಳುವವರಿಗೆ ಬರೀ ಗೊಂದಲ. ಪರಿವರ್ತಕದಲ್ಲಿ, ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ಗೆ ತಿರುಗಿಸಬಹುದು, ಆದರೆ ನಡುವೆ ಬರುವ ಇಂಗ್ಲಿಷ್ ಪದವಿ ಹೆಸರುಗಳೂ ಕನ್ನಡ ಅಕ್ಷರಗಳ ರಾಶಿಯಾಗುತ್ತವೆ. ಅರ್ಕಾವೊತ್ತು ಸರಿಯಾಗಿ ಬಂದಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಬೇಕು. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇರುವಾಗ ಈ ಹೊರೆಯನ್ನು ಓದುವವರ ತಲೆಗೆ ಕಟ್ಟುವುದು ಸೋಮಾರಿತನ, ಅಷ್ಟೇ.

ಸ್ಕ್ಯಾನ್ ಮಾಡಿ ಕಳಿಸಿದ ಸುತ್ತೋಲೆ ಬರೀ ಚಿತ್ರ. ಇನ್ಸರ್ಟ್ ಮತ್ತು ಆರ್ ಒತ್ತಿದರೆ ವಿಂಡೋಸ್‌ನ ಅಕ್ಷರ ಗುರುತಿಸುವ ಸೌಲಭ್ಯ ಇಂಗ್ಲಿಷನ್ನು ಎತ್ತಿಕೊಡುತ್ತದೆ, ಕನ್ನಡಕ್ಕೆ ಅದು ಒದಗದು. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡವೂ ಪಠ್ಯವಾಗುತ್ತದೆ. ಗೋಪ್ಯ ಕಡತಗಳನ್ನು ಹಾಗೆ ಹೊರಗೆ ಕಳಿಸಬೇಡಿ; ಅವಕ್ಕೆ ಕಂಪ್ಯೂಟರಿನಲ್ಲೇ ಓಡುವ, ಚಿತ್ರದ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಸರಿ. ಸಹಿಯಾದ ಪ್ರತಿಯ ಜೊತೆಗೆ ಮೂಲ ವರ್ಡ್ ಕಡತವನ್ನೂ ಕೊಡಿ ಎಂದು ಬರವಣಿಗೆಯಲ್ಲಿ ಕೇಳುವುದು ಇನ್ನೂ ಒಳ್ಳೆಯದು. ಅರ್ಜಿಯಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20ನೇ ಸೆಕ್ಷನ್ (ಉದ್ಯೋಗದಲ್ಲಿ ತಾರತಮ್ಯ ಕೂಡದು ಎನ್ನುವುದು) ನಮೂದಿಸಿ.

ಪೋರ್ಟಲ್‌ಗಳಲ್ಲಿ ಚಿತ್ರದ ಅಕ್ಷರ ನೋಡಿ ತುಂಬಬೇಕಾದ ಕ್ಯಾಪ್ಚಾಗೆ ಎನ್‌ವಿಡಿಎ ಬಳಿ ಮದ್ದಿಲ್ಲ. ಅಲ್ಲಿ ಒಟಿಪಿ ಅಥವಾ ಧ್ವನಿ ಕ್ಯಾಪ್ಚಾ ಹಾಕಬೇಕಾದವರು ಪೋರ್ಟಲ್ ಮಾಡಿಕೊಟ್ಟವರೇ.