ಮ್ಯಾಜಿಕಲ್ ಗರ್ಲ್ ಜೆಂಡರ್ ಬಾವುಟ ಪ್ರಿಂಟ್ ಮಾಡ್ಸಿದೆ: ಬಣ್ಣ ಸೂಪರ್, ಹೊಲಿಗೆ ಮಾತ್ರ ಸುಮಾರು

ರೇಟಿಂಗ್ 4/5. ರೆಡಿಮೇಡ್ ಸಿಗದೇ ಇರೋ ಪ್ರೈಡ್ ಬಾವುಟ (ಎಲ್‌ಜಿಬಿಟಿ ಸಮುದಾಯದೋರ ಗುರುತಿನ ಬಾವುಟ) ಬೇಕು ಅನ್ನೋರು ಈ ಅಂಗಡಿಗೆ ಕಣ್ಮುಚ್ಕೊಂಡು ಹೋಗಬಹುದು.

ಮಳೆಬಿಲ್ಲಿಂದು ಆನ್‌ಲೈನಲ್ಲಿ ಎಲ್ಲಿ ಬೇಕಾದ್ರೂ ಸಿಗತ್ತೆ, ಅಮೆರಿಕದ ಮೋನಿಕಾ ಹೆಲ್ಮ್ಸ್ 1999ರಲ್ಲಿ ಮಾಡಿದ ಟ್ರಾನ್ಸ್ ಬಾವುಟನೂ ಸಿಗತ್ತೆ, ಬರೀ ಗಂಡು ಅಥವಾ ಬರೀ ಹೆಣ್ಣು ಅಲ್ಲ ಅನ್ನೋ ನಾನ್‌ಬೈನರಿ ಜನರದು ಸ್ವಲ್ಪ ಹುಡುಕಿದ್ರೆ ಸಿಗತ್ತೆ, ಆದ್ರೆ ನಂದು ಝೀನೋಜೆಂಡರ್, ಅದನ್ನ ಯಾರೂ ಸ್ಟಾಕ್ ಇಡಲ್ಲ. ಗೊತ್ತಿಲ್ದೇ ಇರೋರಿಗೆ, ಇದು 2014ರ ಸುಮಾರಿಗೆ ಟಂಬ್ಲರ್ ಅನ್ನೋ ಬ್ಲಾಗ್ ಸೈಟಲ್ಲಿ ಶುರುವಾದ ಪದ. ತಮ್ಮ ಜೆಂಡರ್ ಏನು ಅಂತ ಹೇಳೋಕೆ ಗಂಡು ಹೆಣ್ಣು ಅನ್ನೋ ಅಳತೆ ಸಾಲಲ್ಲ ಅನ್ನೋರು ಪ್ರಾಣಿ, ನಕ್ಷತ್ರ, ಕಥೆ, ಹೀಗೆ ಬೇರೆ ಯಾವುದೋ ಒಂದನ್ನ ಹಿಡ್ಕೊಂಡು ಹೇಳ್ತಾರೆ. ನಾನು ಹಿಡ್ಕೊಂಡಿರೋದು ಮ್ಯಾಜಿಕಲ್ ಗರ್ಲ್ ಅನಿಮೆನ, ಅಂದ್ರೆ ಮಾಯಾಶಕ್ತಿ ಬರೋ ಹುಡುಗಿಯರ ಜಪಾನಿ ಕಾರ್ಟೂನ್‌ನ. ಸ್ಕೂಲಿಗೆ ಹೋಗೋ ಮಾಮೂಲಿ ಹುಡುಗಿ ಕೈಲಿ ಒಂದು ಮಂತ್ರದ ಕೋಲು, ರಿಬ್ಬನ್ ಸುತ್ಕೊಳತ್ತೆ, ಬೆಳಕು ಬರತ್ತೆ, ಬಟ್ಟೆ ಬದಲಾಗತ್ತೆ, ಮುಖ ಮಾತ್ರ ಅದೇ ಇರತ್ತೆ. ಆ ಸೀನ್ ನೋಡ್ದಾಗ ಒಳಗೆ ಏನಾಗತ್ತೋ ಅದೇ ನನ್ನ ಜೆಂಡರ್, ಇದಕ್ಕಿಂತ ಹತ್ತಿರವಾಗಿ ಹೇಳೋಕೆ ನನಗೆ ಬರಲ್ಲ.

ಈ ಜೆಂಡರ್ ಮಾತೆಲ್ಲ ಈಗಿನ ಹುಡುಗ್ರು ಅನಿಮೆ ಮೇಲೆ ಹೇರಿದ್ದು ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಜಪಾನಿನ ಒಸಾಮು ತೆಜುಕಾ 1953ರಲ್ಲಿ ಶುರು ಮಾಡಿದ ಪ್ರಿನ್ಸೆಸ್ ನೈಟ್ ಅನ್ನೋ ಮಾಂಗಾ (ಜಪಾನಿ ಚಿತ್ರಕಥೆ) ಇದೆ, ಈ ತರದ ಕಥೆಗಳಿಗೆ ಅಜ್ಜಿ ಇದ್ದಹಾಗೆ. ಅದರ ನಾಯಕಿ ಸಫೈರ್ ಹುಟ್ಟಿದ್ದೇ ಹುಡುಗನ ಹೃದಯ, ಹುಡುಗಿ ಹೃದಯ ಎರಡೂ ಇಟ್ಕೊಂಡು. ತೆಜುಕಾ ಬೆಳೆದಿದ್ದು ತಕರಾಜುಕಾ ಊರಲ್ಲಿ, ಅಲ್ಲಿನ ನಾಟಕ ಕಂಪನಿಲಿ ಗಂಡು ಪಾತ್ರನೂ ಹೆಂಗಸರೇ ಮಾಡೋದು. ಅಂದ್ರೆ ಜೆಂಡರ್ ಪ್ರಶ್ನೆ ಈ ಪ್ರಕಾರದ ಬುಡದಲ್ಲೇ ಇದೆ.

ಸರಿ, ಪ್ರಿಂಟ್ ವಿಷ್ಯ. ಈ ಬಾವುಟಕ್ಕೆ ಒಂದೇ ಅಂತ ಡಿಸೈನ್ ಇಲ್ಲ, ನಾನು ಆರಿಸಿದ್ದು ಗಾಢ ಗುಲಾಬಿ, ತಿಳಿ ಗುಲಾಬಿ, ಕೆನೆ ಬಿಳಿ, ಲ್ಯಾವೆಂಡರ್, ಆಕಾಶ ನೀಲಿ ಪಟ್ಟಿ, ನಡುವೆ ಚಿನ್ನದ ಬಣ್ಣದ ನಕ್ಷತ್ರ. ಮೊದ್ಲು ಒಂದು ಆನ್‌ಲೈನ್ ಸೈಟಲ್ಲಿ ಕೊಟ್ಟಿದ್ದೆ, ಲ್ಯಾವೆಂಡರ್ ಪೂರ್ತಿ ಬೂದು ಬಂದಿತ್ತು, ಎರಡು ಗುಲಾಬಿಗೂ ವ್ಯತ್ಯಾಸನೇ ಗೊತ್ತಾಗ್ತಿರ್ಲಿಲ್ಲ, ಕೇಳಿದ್ರೆ ಸ್ಕ್ರೀನ್ ಬಣ್ಣ ಬೇರೆ ಪ್ರಿಂಟ್ ಬಣ್ಣ ಬೇರೆ ಅಂತ ಒಂದು ಲೈನ್ ಉತ್ತರ. ಮಾತು ನಿಜಾನೇ, ಮೊಬೈಲ್ ತೋರಿಸೋದು ಬೆಳಕಿನ ಬಣ್ಣ, ಮಷಿನ್ ಹಾಕೋದು ಇಂಕು, ತಿಳಿ ನೇರಳೆ ತರದ ಬಣ್ಣಗಳು ಅಲ್ಲೇ ಮಂಕಾಗೋದು. ಆದ್ರೆ ಅದು ಗೊತ್ತಿದ್ಮೇಲೆ ಸ್ಯಾಂಪಲ್ ತೋರಿಸ್ಬೇಕು ತಾನೇ?

ಈ ಅಂಗಡಿಯೋರು ತೋರ್ಸಿದ್ರು. ಅದೇ ಸ್ಯಾಟಿನ್ ಮೇಲೆ ಅಂಗೈ ಅಗಲದ ತುಂಡಲ್ಲಿ ಐದೂ ಬಣ್ಣ ಹೊಡೆದು, "ಟ್ಯೂಬ್‌ಲೈಟಲ್ಲಿ ನೋಡ್ಬೇಡಿ, ಹೊರಗೆ ಬಿಸಿಲಲ್ಲಿ ನೋಡ್ಕೊಂಡು ಬನ್ನಿ" ಅಂದ್ರು. ಲ್ಯಾವೆಂಡರ್ ಇನ್ನೂ ಸ್ವಲ್ಪ ಡಲ್ ಇದೆ ಅಂದಿದ್ದಕ್ಕೆ ಅದೊಂದನ್ನೇ ಸರಿ ಮಾಡಿ ಇನ್ನೊಂದು ತುಂಡು ಕೊಟ್ರು, ಅದಕ್ಕೆ ದುಡ್ಡೂ ತಗೊಳ್ಲಿಲ್ಲ. ಕಾಟನಲ್ಲಿ ಆಗತ್ತಾ ಅಂತ ಕೇಳ್ದೆ, ಬಿಸಿ ಕೊಟ್ಟು ಬಟ್ಟೆಗೆ ಹಿಡಿಸೋ ಈ ಸಬ್ಲಿಮೇಶನ್ ಇಂಕ್ ಪಾಲಿಯೆಸ್ಟರಿಗೇ ಹಿಡಿಯೋದು, ಕಾಟನಲ್ಲಿ ಒಂದೆರಡು ಒಗೆತಕ್ಕೆ ಹೋಗತ್ತೆ ಬೇಡ ಅಂತ ನೇರವಾಗಿ ಹೇಳಿದ್ರು.

ಇದು ಯಾವ ಸಂಘದ್ದು ಅಂತ ಅಲ್ಲಿನ ಅಣ್ಣ ಕೇಳಿದ್ರು. ಸಂಘ ಅಲ್ಲ ಅಣ್ಣ, ನಂದೇ ಗುರುತು ಅಂತ ಹೇಳಿ ಸ್ವಲ್ಪ ವಿವರಿಸ್ದೆ. ಪೂರ್ತಿ ಕೇಳಿಸ್ಕೊಂಡು ಅವರು ಅಂದಿದ್ದು ಇಷ್ಟೇ: "ಹಂಗಾದ್ರೆ ಮೇಲೆ ಯಾವ ಬಣ್ಣ ಬರ್ಬೇಕು ಅದನ್ನ ಬರೆದುಕೊಡಿ, ಉಲ್ಟಾ ಆಗ್ಬಾರ್ದು." ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳಲ್ಲ. ಮನೇಲಿ ಈ ವಿಷ್ಯಕ್ಕೆ ಇಷ್ಟು ಗಮನ ಯಾರೂ ಕೊಟ್ಟಿಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ಹೊಲಿಗೆಗೆ. ಕೋಲು ತೂರಿಸೋ ಕಡೆ ಒಂದೇ ಹೊಲಿಗೆ ಹಾಕಿದಾರೆ, ಗಾಳಿಗೆ ಎಳೆದ್ರೆ ದಾರ ಬಿಚ್ಕೊಳತ್ತೆ, ನಾನು ನಮ್ಮ ಬೀದಿ ಟೈಲರ್ ಹತ್ರ ಇನ್ನೊಂದು ಹೊಲಿಗೆ ಹಾಕಿಸ್ಕೊಂಡೆ. ಇನ್ನೊಂದು, ಪ್ರಿಂಟ್ ಒಂದೇ ಕಡೆ, ಹಿಂದೆ ಉಲ್ಟಾ ಕಾಣತ್ತೆ. ನಕ್ಷತ್ರಕ್ಕೆ ಪರವಾಗಿಲ್ಲ, ಓರೆಯಾಗಿರೋ ಮಂತ್ರದ ಕೋಲೋ ಅಕ್ಷರಗಳೋ ಇದ್ರೆ ಯೋಚನೆ ಮಾಡಿ. ಎರಡೂ ಕಡೆ ನೆಟ್ಟಗೆ ಬರ್ಬೇಕಂದ್ರೆ ಎರಡು ಬಟ್ಟೆ ಸೇರಿಸಿ ಹೊಲೀಬೇಕು, ಭಾರ ಜಾಸ್ತಿ, ಖರ್ಚೂ ಜಾಸ್ತಿ.

ನಮ್ಮ ಪ್ರೈಡ್ ಮೆರವಣಿಗೆಗೆ ಹಿಡ್ಕೊಂಡು ಹೋಗೋ ಪ್ಲಾನ್ ಇದ್ರೆ ಸೆಪ್ಟೆಂಬರಲ್ಲೇ ಆರ್ಡರ್ ಕೊಡಿ. ಬೆಂಗಳೂರಲ್ಲಿ ಅದು ಸಾಮಾನ್ಯವಾಗಿ ನವೆಂಬರಲ್ಲಿ ಬರತ್ತೆ, ಅದಕ್ಕೆ ಮುಂಚೆ ರಾಜ್ಯೋತ್ಸವದ ಹಳದಿ ಕೆಂಪು ಬಾವುಟದ ಕೆಲಸದಲ್ಲಿ ಇವರ ಮಷಿನ್‌ಗೆ ಪುರುಸೊತ್ತೇ ಇರಲ್ಲ. ಫೈಲ್ ಸಾಧ್ಯವಾದ್ರೆ ಎಸ್‌ವಿಜಿ (ಎಷ್ಟು ದೊಡ್ಡದು ಮಾಡಿದ್ರೂ ಅಂಚು ಒಡೆಯದ ತರದ್ದು) ಕೊಡಿ, ವಾಟ್ಸಾಪಲ್ಲಿ ಬಂದ ಫೋಟೋ ಕೊಟ್ರೆ ಮೂರು ಬೈ ಐದು ಅಡಿಗೆ ದೊಡ್ಡದು ಮಾಡ್ದಾಗ ನಕ್ಷತ್ರದ ಅಂಚು ಒಡೆಯತ್ತೆ. ಇಸ್ತ್ರಿ ಹಿಂಭಾಗದಿಂದ, ಕಮ್ಮಿ ಬಿಸಿ ಇಟ್ಟು ಮಾಡಿ.