ಮುಂದಿನ ಕತೆಯೋ, ಹಿಂದಿನ ಕತೆಯೋ?

ಹಟ್ಟಿ ಚಿನ್ನದ ಗಣಿಯಿರುವ ರಾಯಚೂರು ಸೀಮೆಯವರಿಗೆ ಒಂದೇ ಸಿನಿಮಾಕ್ಕೆ ಪುರುಸೊತ್ತಿದ್ದರೆ ಕೆಜಿಎಫ್ ಚಾಪ್ಟರ್ 2 ಮೇಲೋ, ಕಾಂತಾರ ಚಾಪ್ಟರ್ 1 ಮೇಲೋ?

2022ರ ಕೆಜಿಎಫ್, 2018ರ ಮೊದಲ ಭಾಗದ ಕತೆ ನಿಂತಲ್ಲಿಂದಲೇ ಹೊರಡುತ್ತದೆ. ಖಳನಾಯಕ ಗರುಡ ಸತ್ತ ಮೇಲೆ ಗಣಿ ಯಾರ ಕೈಗೆ ಎಂದು 3 ವರ್ಷಕ್ಕೂ ಹೆಚ್ಚು ಕಾದವರಿಗೆ ನೇರ ಉತ್ತರವೇ ಬೇಕಿತ್ತು, ಸಿಕ್ಕಿತು. ಕತೆ ಹೇಳುತ್ತಿದ್ದ ಅನಂತನಾಗ್ ಜಾಗಕ್ಕೆ ಪ್ರಕಾಶ್ ರಾಜ್ ಬಂದರು. ಆ ದನಿಗೆ ಒಗ್ಗಿದ ಕಿವಿಗೆ ಇದು ಕೊರತೆಯೇ, ಆದರೂ ಅನಂತನಾಗ್ ಮಾಡಿದ ಇಂಗಳಗಿಯವರ ಪಾತ್ರಕ್ಕೆ ಇವರು ಮಗನೆಂದು ಕತೆಯೊಳಗೇ ಕಾರಣ ಇಟ್ಟಿದ್ದಾರೆ. ಕಾರಣವಿಲ್ಲದೆ ಮುಖ ಬದಲಾದರೆ ಅಭಿಮಾನಿ ಸುತರಾಂ ಒಪ್ಪುವುದಿಲ್ಲ. ಮೊದಲ ಭಾಗ ನೋಡದವರಿಗೆ ಹೆಸರುಗಳೇ ಗೋಜಲು.

2025ರ ಕಾಂತಾರ ಕದಂಬರ ಕಾಲಕ್ಕೆ ಹೋಗುತ್ತದೆ. ಹಳೆಯದು ನೋಡದಿದ್ದರೂ ನಡೆದೀತು. ಹಳೆಯ ಕಾಂತಾರದ ನಾಯಕ ಶಿವನ ಮುಂದಿನ ಬಾಳು ಬಯಸಿದವರಿಗೆ ನಿರಾಸೆ. ದೈವದ ಮೂಲ ಕೇಳುವವರಿಗೆ ಹಬ್ಬ.

ಕೆಜಿಎಫ್ ಮೊದಲ ಭಾಗ ನೋಡಿದ್ದರೆ ಕೆಜಿಎಫ್ ಚಾಪ್ಟರ್ 2, ಇಲ್ಲವಾದರೆ ಕಾಂತಾರ.