ವಂಶವೃಕ್ಷದ ಆ್ಯಪ್‌ನಲ್ಲಿ ‘ಎಲ್ಲವನ್ನೂ ಸೇರಿಸಿ’ ಒತ್ತುವ ಮುಂಚೆ ಇದನ್ನೊಮ್ಮೆ ಓದಿ

ಬದುಕಿರುವ ಚಿಕ್ಕಪ್ಪನನ್ನು ನಾನು ಸಾಯಿಸಿದೆ. ತೀರಿಹೋದ ಅಜ್ಜನಿಗೆ ಇನ್ನೊಂದು ಮದುವೆ ಮಾಡಿಸಿದೆ. ಎರಡೂ ಆಗಿದ್ದು ರಾತ್ರಿ ಹನ್ನೊಂದೂವರೆಗೆ, ಹಾಸಿಗೆ ಮೇಲೆ ಬಿದ್ದುಕೊಂಡು ಹೆಬ್ಬೆರಳಲ್ಲಿ ಒತ್ತಿದ ಒಂದೇ ಒಂದು ಬಟನ್‌ನಿಂದ. ಆನ್‌ಲೈನ್‌ನಲ್ಲಿ ವಂಶವೃಕ್ಷ ಕಟ್ಟಲು ಹೊರಟವರಿಗೆ ನನ್ನ ಪಾಡು ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ತಾಣದ ಹೆಸರು ಹೇಳುವುದಿಲ್ಲ. ಒತ್ತಿದ್ದು ನಾನೇ ತಾನೆ.

ಮೊದಲ ಕೆಲವು ತಿಂಗಳು ಕೆಲಸ ಚೆನ್ನಾಗಿಯೇ ನಡೆದಿತ್ತು. ವಾರಕ್ಕೊಮ್ಮೆ ಅತ್ತೆಗೆ ಫೋನ್ ಮಾಡುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು, ಹಳೆಯ ಕಾಗದಪತ್ರಕ್ಕೆ ತಾಳೆ ನೋಡಿ ಆ್ಯಪ್‌ಗೆ ಹಾಕುವುದು. ಹೀಗೆ 64 ಹೆಸರು ಸೇರಿದ್ದವು. ಆಮೇಲೆ ಆ್ಯಪ್ ತಾನಾಗಿಯೇ ಸೂಚನೆ ಕಳಿಸಲು ಶುರು ಮಾಡಿತು: ‘ನಿಮ್ಮ ಅಜ್ಜನಿಗೆ ಹೊಸ ಹೊಂದಾಣಿಕೆಗಳು ಸಿಕ್ಕಿವೆ’. ಅಂದರೆ ಬೇರೆ ದಾಖಲೆಗಳಲ್ಲಿ, ಬೇರೆಯವರ ವೃಕ್ಷಗಳಲ್ಲಿ ಕಂಡ ಈ ಹೆಸರು ನಿಮ್ಮ ಅಜ್ಜನದೇ ಇರಬಹುದು ಅಂತ. ಮೊದಲ ಮೂರನ್ನು ತೆರೆದು ನೋಡಿದೆ. ಮೂರೂ ಸರಿ ಇದ್ದವು. ಒಂದರಲ್ಲಂತೂ ಅಜ್ಜನ ಸಹಿಯೇ ಇತ್ತು. ನಂಬಿಕೆ ಕೂತುಬಿಟ್ಟಿತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು, ಕೆಳಗೆ ದೊಡ್ಡದಾಗಿ ‘ಎಲ್ಲವನ್ನೂ ಸೇರಿಸಿ’ ಅಂತಿತ್ತು. ಒತ್ತಿದೆ. 64 ಇದ್ದದ್ದು 371 ಆಯಿತು. ಆ ಖುಷಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪ್‌ಗೂ ಹಾಕಿ ಮಲಗಿದೆ.

ಬೆಳಿಗ್ಗೆ ಅತ್ತೆಯ ಫೋನ್. “ಏನೋ ಇದು, ನಮ್ಮಪ್ಪನ ಪಕ್ಕದಲ್ಲಿ ಯಾರದೋ ಹೆಂಗಸಿನ ಹೆಸರು ಹಾಕಿದ್ದೀಯ?”

ಆಗ ನಾನು ಕೊಟ್ಟ ಉತ್ತರವನ್ನು ಈಗ ನೆನೆಸಿಕೊಂಡರೂ ಮೈ ಹಿಡಿಯಾಗುತ್ತದೆ. “ಅತ್ತೆ, ಇದು ದಾಖಲೆ ನೋಡಿ ಹೇಳೋದು. ನಿಮಗೆ ಗೊತ್ತಿಲ್ಲದ ಸಂಗತಿ ಏನಾದರೂ ಇದ್ದಿರಬಹುದು ಅಲ್ವಾ?”

ಅವರು ಫೋನ್ ಇಟ್ಟರು. ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆ ನಾಲ್ಕು ದಿನ ಅವರು ತಮ್ಮ ತಂದೆಯ ಬಗ್ಗೆ ಏನೇನು ಯೋಚನೆ ಮಾಡಿದರೋ, ಹಳೆಯದನ್ನೆಲ್ಲ ಹೇಗೆ ಕೆದಕಿಕೊಂಡರೋ, ಅವರೂ ಹೇಳಿಲ್ಲ, ನನಗೂ ಕೇಳುವ ಧೈರ್ಯ ಬಂದಿಲ್ಲ. ಎಂಬತ್ತು ದಾಟಿದವರು.

ಐದನೇ ದಿನ ಕಂಪ್ಯೂಟರ್ ಮುಂದೆ ಸರಿಯಾಗಿ ಕೂತು ನೋಡಿದೆ. ಆ ‘ಎರಡನೇ ಹೆಂಡತಿ’ಗೆ ನಾಲ್ಕು ಮಕ್ಕಳು. ದೊಡ್ಡವನು ಹುಟ್ಟಿದಾಗ ನಮ್ಮಜ್ಜನಿಗೆ ಹನ್ನೊಂದು ವರ್ಷ. ಕೊನೆಯವಳು ಹುಟ್ಟಿದ್ದು ಅಜ್ಜ ತೀರಿಕೊಂಡ ಮೂರು ವರ್ಷದ ಮೇಲೆ. ಹೆಸರಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಳದಿ ತ್ರಿಕೋನ ಕೂಡ ಇತ್ತು, ‘ದಿನಾಂಕಗಳನ್ನು ಪರಿಶೀಲಿಸಿ’ ಅಂತ. ಮೊಬೈಲ್‌ನಲ್ಲಿ ಅದು ಕಂಡೇ ಇರಲಿಲ್ಲ. ಇನ್ನು ಮೂಲ ದಾಖಲೆಯ ಚಿತ್ರ ತೆರೆದರೆ, ತಂದೆಯ ಹೆಸರಿನ ಕಾಲಂನಲ್ಲಿ ನಮ್ಮ ಮುತ್ತಜ್ಜನಿಗೆ ಸಂಬಂಧವೇ ಇಲ್ಲದ ಹೆಸರು. ಇದನ್ನು ನೋಡಲು ಎರಡು ನಿಮಿಷವೂ ಬೇಕಾಗಲಿಲ್ಲ. ಹುಟ್ಟಿದ ಇಸವಿಯಲ್ಲೂ ಎಡವಟ್ಟು. ರಿಜಿಸ್ಟರ್‌ನಲ್ಲಿ ಶಾಯಿ ಹರಡಿದ ಒಂದು 7 ಇತ್ತು, ಸೂಚಿಯಲ್ಲಿ ಅದು 1 ಆಗಿತ್ತು. ಈ ಸೂಚಿಗಳನ್ನು ಯಾರೋ ಸ್ವಯಂಸೇವಕರು ನೋಡಿ ಟೈಪ್ ಮಾಡಿರುತ್ತಾರೆ, ಇಲ್ಲವೇ ಯಂತ್ರವೇ ಕೈಬರಹ ಓದಿರುತ್ತದೆ. ಹುಡುಕಿದಾಗ ಸಿಗುವುದು ಸೂಚಿ, ಅಷ್ಟೇ. ದಾಖಲೆ ಅನ್ನುವುದು ಅದರ ಹಿಂದಿರುವ ಚಿತ್ರ. ನಾನು ನೋಡಿದ್ದು ಸೂಚಿಯನ್ನು, ಅದನ್ನೂ ಅರ್ಧ ನಿದ್ದೆಯಲ್ಲಿ.

ಹೆಸರು ಹೊಂದಿಸುವ ವಿದ್ಯೆ ಹೇಗಿರುತ್ತದೆ ಅಂತ ಆಮೇಲೆ ಓದಿದೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದ ಸೌಂಡೆಕ್ಸ್ ಅಂತ ಒಂದು ಪದ್ಧತಿ ಇದೆ, ಅಲ್ಲಿನ ಹಳೆಯ ಜನಗಣತಿಗಳ ಸೂಚಿಗೆ ಬಳಸಿದ್ದು. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಹಾಗೇ ಇಟ್ಟುಕೊಂಡು, ಸ್ವರಗಳನ್ನು ಬಿಸಾಕಿ, ಉಳಿದ ವ್ಯಂಜನಗಳನ್ನು ಒಂದರಿಂದ ಆರರವರೆಗಿನ ಗುಂಪಿಗೆ ಹಾಕುತ್ತಾರೆ. ಎಮ್ ಮತ್ತು ಎನ್ ಎರಡೂ ಐದನೇ ಗುಂಪು. ಅಲ್ಲಿಗೆ ರಾಮ, ರಮಾ, ರಾಮು, ರಾಣಿ ನಾಲ್ವರಿಗೂ ಒಂದೇ ಸಂಕೇತ: ಆರ್ 500. ಈಗಿನ ತಾಣಗಳು ಇದಕ್ಕಿಂತ ಜಾಣವಾಗಿವೆ ನಿಜ. ಇಸವಿ ನೋಡುತ್ತವೆ, ಜಾಗ ನೋಡುತ್ತವೆ, ಹೆಂಡತಿ ಮಕ್ಕಳ ಹೆಸರನ್ನೂ ನೋಡುತ್ತವೆ. ಆದರೆ ಹತ್ತಿರ ಬಂದದ್ದನ್ನೆಲ್ಲ ತಂದು ಮುಂದೆ ಸುರಿಯುವ ಸ್ವಭಾವ ಅದೇ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಕೂಡಲೇ ದೀರ್ಘ ಹ್ರಸ್ವ ಹೋಯಿತು, ಣ ನ ಒಂದಾಯಿತು, ಳ ಲ ಒಂದಾಯಿತು. ಅಜ್ಜನದೋ ಮೊದಲೇ ಬೀದಿಗಿಬ್ಬರಿಗೆ ಇರುವಂಥ ಹೆಸರು.

ಇದಕ್ಕಿಂತ ನನ್ನನ್ನು ಹೆದರಿಸಿದ್ದು ಚಿಕ್ಕಪ್ಪನ ವಿಷಯ. ಅಜ್ಜನ ಹೆಸರೇ ಇದ್ದ ಆ ಅಪರಿಚಿತ ಯಜಮಾನರಿಗೂ, ಅಂದರೆ ಆ ‘ಎರಡನೇ ಹೆಂಡತಿ’ಯ ನಿಜವಾದ ಗಂಡನಿಗೂ, ಚಿಕ್ಕಪ್ಪನ ಹೆಸರಿನದೇ ಒಬ್ಬ ಮಗ ಇದ್ದ, ತೀರಿಹೋಗಿದ್ದ. ಅಪ್ಪಂದಿರು ಒಂದಾದ ಮೇಲೆ ಮಕ್ಕಳೂ ಒಂದಾದರು. ಆ ಹುಡುಗನ ಸಾವಿನ ದಿನಾಂಕ ಬಂದು ನಮ್ಮ ಚಿಕ್ಕಪ್ಪನ ಮೇಲೆ ಕೂತಿತು. ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಇಂಥ ತಾಣಗಳು ಸಾಮಾನ್ಯವಾಗಿ ಬದುಕಿರುವವರ ವಿವರ ಹೊರಗಿನವರಿಗೆ ತೋರಿಸುವುದಿಲ್ಲ, ‘ಜೀವಂತ’ ಅಂತ ಮಾತ್ರ ತೋರಿಸುತ್ತವೆ. ತೀರಿಕೊಂಡವರದಾದರೆ ವೃಕ್ಷ ಸಾರ್ವಜನಿಕವಾಗಿದ್ದ ಪಕ್ಷದಲ್ಲಿ ಎಲ್ಲ ಕಾಣುತ್ತದೆ. ಸಾವಿನ ದಿನಾಂಕ ಬಿದ್ದ ಗಳಿಗೆಯಿಂದ ಚಿಕ್ಕಪ್ಪನ ಜನ್ಮದಿನ, ಹುಟ್ಟಿದ ಜಾಗ, ಅವರ ತಾಯಿಯ ತವರಿನ ಹೆಸರು, ನಾನು ಹಾಕಿದ್ದ ಫೋಟೊ ಎಲ್ಲಕ್ಕೂ ಇದ್ದ ಪರದೆ ಸರಿದುಹೋಯಿತು. ತಾಯಿಯ ತವರಿನ ಹೆಸರು ಎಷ್ಟು ಬ್ಯಾಂಕುಗಳಲ್ಲಿ ಭದ್ರತಾ ಪ್ರಶ್ನೆಗೆ ಉತ್ತರ ಅನ್ನುವುದು ಗೊತ್ತಲ್ಲ.

ಮೂರನೇ ವಾರ ಅವರಿಗೊಂದು ಕರೆ ಬಂತು. ಜನ್ಮದಿನ, ತಾಯಿಯ ಹೆಸರು ಎಲ್ಲ ಆ ಕಡೆಯವನೇ ಪಟಪಟ ಹೇಳಿ, “ಖಾತೆ ಪರಿಶೀಲನೆ ಸಾರ್, ಈಗ ಬಂದ ನಂಬರ್ ಒಂದು ಹೇಳಿಬಿಡಿ” ಅಂದನಂತೆ. ಚಿಕ್ಕಪ್ಪ ಹುಷಾರು, ಫೋನ್ ಕಟ್ ಮಾಡಿದರು. ಆ ವಿವರ ನನ್ನ ವೃಕ್ಷದಿಂದಲೇ ಹೋಯಿತು ಅಂತ ಸಾಬೀತು ಮಾಡಲಾರೆ. ಅಲ್ಲ ಅಂತ ಎದೆ ಮುಟ್ಟಿ ಹೇಳಲೂ ಆರೆ. ದೂರದ ನೆಂಟರೊಬ್ಬರಿಂದ ಸಂತಾಪದ ಸಂದೇಶ ಬಂದದ್ದು ಮಾತ್ರ ಖಂಡಿತ ನನ್ನ ಕೃಪೆ. ಅದಕ್ಕೆ ಚಿಕ್ಕಪ್ಪ ಖುದ್ದಾಗಿ ಧನ್ಯವಾದ ಹೇಳಿ ಉತ್ತರಿಸಿದರು.

ಸರಿ, ಅಳಿಸಿದರಾಯಿತು ಅಂದುಕೊಂಡೆ. ಒಟ್ಟಿಗೆ ಸೇರಿಸಲು ಒಂದು ಬಟನ್ ಇತ್ತು, ಒಟ್ಟಿಗೆ ಬಿಡಿಸಲು ಇರಲಿಲ್ಲ. 307 ಜನರನ್ನು ಒಬ್ಬೊಬ್ಬರಾಗಿ ಕಳಚಿದೆ, ಮೂರು ವಾರ ಹಿಡಿಯಿತು. ಅಜ್ಜನ ಪುಟದಲ್ಲಿ ಯಾವ ವಾಕ್ಯ ನಾನು ಬರೆದದ್ದು, ಯಾವುದು ಹೊರಗಿನಿಂದ ಬಂದದ್ದು ಅಂತ ನನಗೇ ಗೊತ್ತಾಗದಷ್ಟು ಕಲಸಿಹೋಗಿತ್ತು. ಸೇರಿಸುವ ಮುಂಚಿನ ಪ್ರತಿ ಇಟ್ಟುಕೊಂಡಿದ್ದರೆ ಅರ್ಧ ಗಂಟೆಯ ಕೆಲಸ. ಜೆಡ್‌ಕಾಮ್ ಅಂತ ಒಂದು ಫೈಲ್ ಬಗೆ 1984ರಿಂದಲೂ ಇದೆ, ಬಹುತೇಕ ಎಲ್ಲ ತಾಣಗಳೂ ವೃಕ್ಷವನ್ನು ಆ ರೂಪದಲ್ಲಿ ಇಳಿಸಿಕೊಳ್ಳಲು ಬಿಡುತ್ತವೆ. ಬರೀ ಪಠ್ಯ, ಹಗುರ ಫೈಲ್. ಸಾಮಾನ್ಯವಾಗಿ ಅದರೊಳಗೆ ಫೋಟೊ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು. ಈಗ ಏನೇ ಸೇರಿಸುವ ಮುಂಚೆ ಒಂದು ಪ್ರತಿ ಇಳಿಸುತ್ತೇನೆ, ಫೈಲಿನ ಹೆಸರಿಗೆ ಆವತ್ತಿನ ದಿನಾಂಕ ಹಾಕುತ್ತೇನೆ. ತಾಣವೇ ಬಾಗಿಲು ಹಾಕಿದರೂ ಇದು ಕೈಯಲ್ಲಿರುತ್ತದೆ. ವಂಶವೃಕ್ಷದ ತಾಣ ನಡೆಸುವ ಆನ್ಸೆಸ್ಟ್ರಿಯಂಥ ದೊಡ್ಡ ಸಂಸ್ಥೆಯೇ 2014ರಲ್ಲಿ ತನ್ನ ಮೈಫ್ಯಾಮಿಲಿ ಸೇವೆಯನ್ನು ಮುಚ್ಚಿದ್ದುಂಟು.

ಈ ಗಲಾಟೆಯ ನಡುವೆ ನಮ್ಮ ಕಸಿನ್ ಒಬ್ಬ “ಎಲ್ಲರೂ ಡಿಎನ್‌ಎ ಪರೀಕ್ಷೆ ಮಾಡಿಸಿಬಿಡೋಣ, ಅಜ್ಜನ ಗುಟ್ಟು ರಟ್ಟಾಗುತ್ತೆ” ಅಂದ. ಬೇಡ ಅಂದೆ. ಇಂಥ ಡಿಎನ್‌ಎ ಪರೀಕ್ಷೆ ಮಾಡುವ 23ಆ್ಯಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಆದದ್ದು ನೆನಪಿತ್ತು. ಬೇರೆಲ್ಲೋ ಸೋರಿದ್ದ ಪಾಸ್‌ವರ್ಡ್‌ಗಳನ್ನೇ ಹಾಕಿ ನೋಡಿ ಕಳ್ಳರು ಒಳಹೊಕ್ಕಿದ್ದು ಸುಮಾರು 14,000 ಖಾತೆಗಳಿಗೆ. ನೆಂಟರನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ವಿವರ. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸಲಾಗದು.

ನನ್ನ ವೃಕ್ಷ ಈಗ ಶುದ್ಧವಾಗಿದೆ, ಮತ್ತೆ 64. ಹೊರಗಿನವರಿಗೆ ಕಾಣದ ಹಾಗೆ ಬೀಗವನ್ನೂ ಹಾಕಿದ್ದೇನೆ. ಚಿಕ್ಕಪ್ಪ ಬದುಕಿದ್ದಾರೆ. ಅತ್ತೆ ಮಾತಾಡುತ್ತಾರೆ, ಹೊಸ ಹೆಸರು ಮಾತ್ರ ಹೇಳುವುದಿಲ್ಲ. “ನಿನ್ನ ಕಂಪ್ಯೂಟರನ್ನೇ ಕೇಳು” ಅಂತಾರೆ.

ತಪ್ಪು ಮಾತ್ರ ನನ್ನಲ್ಲಿಗೇ ನಿಲ್ಲಲಿಲ್ಲ. ಫ್ಯಾಮಿಲಿಸರ್ಚ್, ವಿಕಿಟ್ರೀಯಂಥ ಕಡೆ ಲೋಕಕ್ಕೆಲ್ಲ ಒಂದೇ ವೃಕ್ಷ. ಯಾರು ಏನು ಬದಲಿಸಿದರು ಅನ್ನುವುದು ದಾಖಲಾಗುತ್ತದೆ, ಒಬ್ಬರು ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಅಲ್ಲಿ ಬೇರೆ ಥರದ ಜಗಳ ಇರುತ್ತದೆ, ಅದು ಬೇರೆ ಮಾತು. ನಾನಿದ್ದದ್ದು ಒಬ್ಬೊಬ್ಬರಿಗೂ ಅವರವರದೇ ವೃಕ್ಷ ಇರುವ ತಾಣ. ನನ್ನ ತಪ್ಪು ಸಾರ್ವಜನಿಕವಾಗಿದ್ದ ದಿನಗಳಲ್ಲಿ ಒಂಬತ್ತು ಜನ ಅದನ್ನು ತಮ್ಮ ವೃಕ್ಷಕ್ಕೆ ನಕಲು ಮಾಡಿಕೊಂಡಿದ್ದರು, ನನ್ನ ಹಾಗೆಯೇ, ಒಂದೇ ಒತ್ತಿನಲ್ಲಿ. ಒಬ್ಬರಂತೂ ಅಜ್ಜನ ಕಪ್ಪುಬಿಳುಪು ಫೋಟೊಗೆ ಬಣ್ಣ ಹಚ್ಚಿಸಿ, ಕೆಳಗೆ ಆ ಇನ್ನೊಬ್ಬ ಯಜಮಾನರ ಜನ್ಮ ಮರಣ ಬರೆದಿದ್ದಾರೆ. ಅಜ್ಜನ ಬೂದು ಕೋಟು ಅಲ್ಲಿ ನೀಲಿಯಾಗಿದೆ.

ಒಂಬತ್ತು ಜನರಿಗೂ ಬರೆದೆ. ಐದು ಜನ ಕ್ಷಮೆ ಕೇಳಿ ತೆಗೆದರು. ಮೂವರ ಖಾತೆಗಳು ಹೆಚ್ಚುಕಡಿಮೆ ಪಾಳು ಬಿದ್ದಿವೆ. ನೀಲಿ ಕೋಟಿನವರು ಮಾತ್ರ ಕೂಡಲೇ ಉತ್ತರ ಬರೆದರು, ಕೊಂಚ ಬಿಸಿಯಾಗಿಯೇ: ಈ ಮದುವೆಗೆ ತಮ್ಮ ಬಳಿ ಎಂಟು ಆಧಾರಗಳಿವೆ, ನೀವು ಸರಿಯಾಗಿ ಅಧ್ಯಯನ ಮಾಡಿ ಬನ್ನಿ ಅಂತ. ಎಂಟನ್ನೂ ತೆರೆದು ನೋಡಿದೆ. ಎಂಟೂ ಬೇರೆಯವರ ವೃಕ್ಷಗಳು. ಅವೂ ಒಂದರಿಂದೊಂದು ನಕಲಾದವು, ಮೊದಲನೆಯದು ನನ್ನದು. ಅಜ್ಜನ ಮರಣಪತ್ರದ ಚಿತ್ರ ಕಳಿಸಿದ್ದೇನೆ. ಓದಿದ ಗುರುತು ಬಿದ್ದು ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ.